ವಸೂಲಿಯವನ ಕನ್ನಡ

ಸರಳ ಭಾಷೆ ಹೇಗಿರಬೇಕೆಂದು ತಿಳಿಯಬೇಕೇ? ಸಾಲದ ಒಂದು ಕಂತು ಕಟ್ಟದೆ ಬಿಟ್ಟು ನೋಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗಾಗಿ ಎಂಟು ದಾಟಿ ಒಂದು ನಿಮಿಷಕ್ಕೆ ಫೋನ್ ಬರುತ್ತದೆ: "ದುಡ್ಡು ಯಾವಾಗ ಹಾಕ್ತೀರಿ?" ಮೂರೇ ಪದ. ಮೇಷ್ಟ್ರು ಕೆಂಪು ಶಾಯಿ ಮುಟ್ಟಿಸುವಂತಿಲ್ಲ.

ಹೀಗೆ ಫೋನ್ ಮಾಡುವ ಸಂಸ್ಥೆಯೇ ಸಾಲ ಕೊಡುವಾಗ ನಲವತ್ತು ಪುಟ ಮುಂದಿಟ್ಟಿತ್ತು. ಪೆನ್ಸಿಲ್ಲಿನಲ್ಲಿ ಇಂಟು ಹಾಕಿದ ಕಡೆಯೆಲ್ಲ ಸಹಿ. ನಲವತ್ತು ಪುಟದಲ್ಲಿ ನನಗೆ ಅರ್ಥವಾದದ್ದು ಆ ಇಂಟು ಮಾತ್ರ.

ನಮ್ಮ ಚಿಕ್ಕಮ್ಮನ ಮಂಡಿ ಆಪರೇಷನ್ನಿನ ಕ್ಲೇಮಿಗೆ ವಿಮಾ ಕಂಪನಿ ಉತ್ತರ ಬರೆಯಿತು. "ಸಕಾರಾತ್ಮಕವಾಗಿ ಪರಿಗಣಿಸಲು ಸದರಿ ಪಾಲಿಸಿಯ ನಿಬಂಧನೆಗಳು ಅನುವು ಮಾಡಿಕೊಡದಿರುವ ಅಂಶವನ್ನು ವಿಷಾದಪೂರ್ವಕವಾಗಿ ತಮ್ಮ ಅವಗಾಹನೆಗೆ ತರಲಾಗಿದೆ." ಚಿಕ್ಕಮ್ಮ 'ಸಕಾರಾತ್ಮಕ'ದವರೆಗೆ ಓದಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. "ದುಡ್ಡು ಕೊಡಲ್ಲ" ಎಂದಿದ್ದರೆ ತುಪ್ಪವಾದರೂ ಉಳಿಯುತ್ತಿತ್ತು.

ಈ ಕಂಪನಿಗಳಲ್ಲೆಲ್ಲ 'ಲಾಗಿದೆ' ಎಂಬ ಅಧಿಕಾರಿಯೊಬ್ಬ ಇದ್ದಾನೆಂದು ನನ್ನ ಗುಮಾನಿ. ತಿರಸ್ಕರಿಸಲಾಗಿದೆ, ಕಡಿತಗೊಳಿಸಲಾಗಿದೆ, ವಿಷಾದಿಸಲಾಗಿದೆ. ಕೈ ಅವನದು, ಮುಖ ಮಾತ್ರ ಯಾರೂ ಕಂಡಿಲ್ಲ. ವಿದೇಶದಲ್ಲೂ ಅವನಿಗೆ ನೆಂಟರಿದ್ದಾರೆ. 2014ರ ಜುಲೈನಲ್ಲಿ ಮೈಕ್ರೋಸಾಫ್ಟಿನ ಸ್ಟೀಫನ್ ಎಲಾಪ್ ನೌಕರರಿಗೆ 'ಹಲೋ' ಎಂದು ಶುರುಮಾಡಿ ಸಾವಿರಕ್ಕೂ ಮೀರಿ ಪದ ಬರೆದರು. ಕಾರ್ಯತಂತ್ರದ ಪುರಾಣವೆಲ್ಲ ಮುಗಿಯುತ್ತ ಬಂದಾಗ ಸುಮಾರು 12,500 ಜನ ಮನೆಗೆ ಹೋಗಬೇಕಾದ ಸಂಗತಿ ಹೊರಬಿತ್ತು.

ಇಂಥ ಭಾಷೆಗೆ ಕಡಿವಾಣ ಹಾಕಲು ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಬಂದಿದೆ. 2024ರ ಅಕ್ಟೋಬರ್ 1ರಿಂದ, ಗೃಹಸಾಲ, ವೈಯಕ್ತಿಕ ಸಾಲದಂಥ ಹೊಸ ಅವಧಿ ಸಾಲಗಳ ಬಡ್ಡಿ, ಶುಲ್ಕಗಳ ಲೆಕ್ಕವನ್ನೆಲ್ಲ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಬ್ಯಾಂಕಿಗೆ ಹೋಗಿ ಕನ್ನಡದ್ದೇ ಬೇಕೆಂದು ಕೂತೆ. ಕೊಟ್ಟರು. ಮೊದಲ ಸಾಲಿನಲ್ಲೇ 'ವಾರ್ಷಿಕೀಕೃತ ಶೇಕಡಾವಾರು ದರ'. ಕೌಂಟರಿನ ಹುಡುಗನಿಗೆ ತೋರಿಸಿ "ಏನಪ್ಪಾ ಹಿಂಗಂದ್ರೆ?" ಎಂದೆ.

ಅವನು ಮ್ಯಾನೇಜರ್ ಕೋಣೆಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದ. "ಲಕ್ಷ ಅಂತೀವಿ, ಕೈಗೆ ಬರೋದು ತೊಂಬತ್ತೆಂಟು ಸಾವಿರ ಸಾರ್. ಮೂರು ವರ್ಷಕ್ಕೆ ಒಂದು ಲಕ್ಷ ಇಪ್ಪತ್ಮೂರು ಸಾವಿರ ಕಟ್ತೀರಿ."

"ಎಷ್ಟು ಚೆನ್ನಾಗಿ ಹೇಳಿದೆ! ಇದನ್ನೇ ಬರೆದು ಕೊಡು."

"ಅಯ್ಯೋ, ಬರೆಯೋಕೆ ಬರಲ್ಲ ಸಾರ್. ಎಲ್ರಿಗೂ ಅರ್ಥ ಆಗ್ಬಿಡುತ್ತೆ."