ಚಹಾ ಅಲರ್ಜಿ: ಲಕ್ಷಣ, ಚಿಕಿತ್ಸೆ

ಚಹಾ ಅಲರ್ಜಿಯ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆಗಳು ಬೇಕಾದಷ್ಟಿವೆ. ಅವನ್ನು ಹೋಗಲಾಡಿಸಲು ಧಾರವಾಡದ ಪಡಸಾಲೆಗಳನ್ನೇ ಅಧ್ಯಯನ ಕ್ಷೇತ್ರವಾಗಿ ಆರಿಸಿಕೊಂಡಿದ್ದೇನೆ. ಬೆಂಗಳೂರನ್ನು ಬೇಕೆಂದೇ ಕೈಬಿಟ್ಟೆ. ಬೈ ಟೂ ಕುಡಿಯುವ ಊರಿನಲ್ಲಿ ಯಾವ ಕಾಯಿಲೆಯೂ ಪೂರ್ತಿ ಬರುವುದಿಲ್ಲ.

ಮೊದಲು ಶಾಸ್ತ್ರ. ನಿರುಪದ್ರವಿ ಪದಾರ್ಥವೊಂದನ್ನು ದೇಹ ವೈರಿಯೆಂದು ತಿಳಿದು ಮೇಲೆ ಬೀಳುವುದೇ ಅಲರ್ಜಿ. ಐಜಿಇ ಎಂಬ ಪ್ರತಿಕಾಯ ಚಾಡಿ ಹೇಳುತ್ತದೆ, ಹಿಸ್ಟಮಿನ್ ಬಿಡುಗಡೆಯಾಗುತ್ತದೆ, ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ. ಚಹಾ ಎಲೆಯಿಂದಲೇ ಹೀಗಾಗುವುದು ಬಲು ಅಪರೂಪ. ಎಲೆಯನ್ನು ಬೈಯುವ ಮುಂಚೆ ಹಾಲನ್ನು ವಿಚಾರಿಸಿಕೊಳ್ಳಬೇಕು. ಹಾಲಿನ ಪ್ರೋಟೀನ್ ಆಗದವರಿಗೆ ಅಲರ್ಜಿ, ಲ್ಯಾಕ್ಟೋಸ್ ಅರಗದವರಿಗೆ ಬರೀ ಹೊಟ್ಟೆಯುಬ್ಬರ. ಖಾಲಿ ಹೊಟ್ಟೆಯಲ್ಲಿ ಕುಡಿದು ಎದೆ ಉರಿದರೆ ಅದು ಆಸಿಡಿಟಿ. ರಾತ್ರಿಯಿಡೀ ಫ್ಯಾನು ನೋಡುತ್ತ ಮಲಗಿದರೆ ಕೆಫೀನ್. ಚಹಾ ಬಿಟ್ಟು ಆರೋಗ್ಯಕ್ಕೆಂದು ಕ್ಯಾಮೊಮೈಲ್ ಹಿಡಿದವರಿಗೆ ಒಂದು ಮಾತು: ಅದು ಸೇವಂತಿಗೆಯ ಬಳಗದ ಹೂವು. ಆ ಬಳಗದ ಪರಾಗ ಆಗದವರನ್ನು ಅದೇ ಹೆಚ್ಚು ಕಾಡೀತು.

ಇದು ಪುಸ್ತಕದ ಮಾತಾಯಿತು. ಪಡಸಾಲೆಯಲ್ಲಿ ಕಂಡದ್ದೇ ಬೇರೆ. ತೀವ್ರ ಪ್ರತಿಕ್ರಿಯೆ ಕಾಣಿಸಿಕೊಳ್ಳುವುದು ಚಹಾ ಕುಡಿದವರಲ್ಲಲ್ಲ, ಒಲ್ಲೆ ಅಂದವರ ಎದುರು ಕೂತ ಮನೆಯವರಲ್ಲಿ. ಬಂದವರು “ನನಗ ಚಾ ಬ್ಯಾಡ್ರಿ” ಅಂದದ್ದೇ ತಡ, ಯಜಮಾನರ ಹುಬ್ಬು ಮೇಲೇರುತ್ತದೆ, ಮುಖ ಕೆಂಪಾಗುತ್ತದೆ, ಗಂಟಲು ಕಟ್ಟುತ್ತದೆ. “ಯಾಕ್ರಿ, ನಮ್ಮ ಮನ್ಯಾಗಿನ ಚಾ ನಡಿಯೂದಿಲ್ಲೇನು?” ಒಳಗಡೆ ಪಾತ್ರೆಗಳ ಸದ್ದು ಜೋರಾಗುತ್ತದೆ. “ಹಂಗಲ್ರಿ, ಅಲರ್ಜಿ ಐತಿ” ಅಂದರೆ ಕಾಯಿಲೆ ಎರಡನೇ ಹಂತಕ್ಕೆ ಹೋಗುತ್ತದೆ: “ಅಷ್ಟನ? ತಡೀರಿ, ಶುಂಠಿ ಹಾಕಿ ಮಾಡಸ್ತೀನಿ.” ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಚಾ ಕೊಡುವುದೂ ಇದೇ ವೈದ್ಯ ಪದ್ಧತಿಯ ಇನ್ನೊಂದು ಶಾಖೆ.

ಇನ್ನು ಚಿಕಿತ್ಸೆ. ಕೆಲವು ಅಲರ್ಜಿಗಳಿಗೆ ವೈದ್ಯರು ಆಗದ ಪದಾರ್ಥವನ್ನೇ ಕಣದಷ್ಟರಿಂದ ಶುರುಮಾಡಿ, ತಿಂಗಳುಗಟ್ಟಲೆ ಏರಿಸುತ್ತ, ಮೈಗೆ ಒಗ್ಗಿಸುತ್ತಾರೆ. ಧಾರವಾಡದ ಅಡುಗೆಮನೆ ಇದನ್ನು ಹತ್ತು ನಿಮಿಷಕ್ಕೆ ಇಳಿಸಿದೆ. “ಒಂದ ಗುಟುಕು ತಗೋರಿ.” ಬಳಿಕ “ಅರ್ಧಾ ಕಪ್ ಅಷ್ಟ.” ಮೂರನೇ ಹಂತದಲ್ಲಿ ಯಾರೂ ಏನೂ ಕೇಳುವುದಿಲ್ಲ, ಕಪ್ ತುಂಬಿ ಬಶಿಗೂ ಚೆಲ್ಲಿರುತ್ತದೆ. ಜೊತೆಗೆ ಒಂದು ತಾಟು ಚೂಡಾ, ಔಷಧದ ಪಥ್ಯಕ್ಕೆ. ರೋಗಿಯ ಗತಿ ಏನಾಯಿತೆಂದು ಹೇಳುವುದು ಕಷ್ಟ, ಮನೆಯವರು ಮಾತ್ರ ಸಂಪೂರ್ಣ ಗುಣಮುಖರಾಗುತ್ತಾರೆ.

ಓದುಗರಲ್ಲಿ ಒಂದೇ ಕೋರಿಕೆ. ಚಹಾ ಕುಡಿದ ಮೇಲೆ ನಿಜಕ್ಕೂ ತುಟಿ, ನಾಲಗೆ ಊದಿ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹೊಸ್ತಿಲಲ್ಲಿ ಯಾರಾದರೂ “ಚಾ ಕುಡದು ಹೋಗ್ರೆಲಾ” ಅಂದರೆ ನಿಲ್ಲಬೇಡಿ.