ಹೀರೋ ಇಲ್ಲದ ಪಿಚ್ಚರ್

“ಕಾಕಿ, ಪುಂಡಿಪಲ್ಯ ಸೋಸೂದು ಆಮ್ಯಾಲಾಗ್ತದ. ಗ್ವಾಡಿ ಕಡಿ ಬಂದು ಈ ಮೊಬೈಲಾಗ ನೋಡ್ರಿ. ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ, 1906. ಟ್ರಾಮಿನ ಮುಂದ ಕ್ಯಾಮೆರಾ ಇಟ್ಟು ಬಜಾರ ತೆಗದಾರ. ಮಾತಿಲ್ಲ, ಹಾಡಿಲ್ಲ.”

“ಕುದುರಿಗಾಡಿ, ಸೈಕಲ್ಲು, ಮೋಟಾರು ಎಲ್ಲಾ ಅಡ್ಡಾದಿಡ್ಡಿ! ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ಟೇ ಅದಲ್ಲೋ ತಮ್ಮಾ!”

“ಆ ಮೋಟಾರು ನೋಡ್ರಿ. ಅದೇ ಗಾಡಿ ಸುತ್ತು ಹೊಡದು ಮತ್ತ ಮತ್ತ ಮುಂದ ಬರ್ತದ.”

“ಮದಿವಿ ವಿಡಿಯೋದಾಗ ನಮ್ಮ ಬೀಗರು ಬಂದಂಗ.”

ಕಾಕಿ ನಗೂದು ನಿಂತ ಮ್ಯಾಲ ಹೇಳಿದೆ: ಇದು ತೆಗದು ಸ್ವಲ್ಪೇ ದಿನಕ್ಕ, ಏಪ್ರಿಲ್ 18ಕ್ಕ, ಭೂಕಂಪ ಆಗಿ ಬೆಂಕಿ ಬಿದ್ದು ಆ ಬಜಾರೇ ಸುಟ್ಟು ಹೋಯ್ತು. ಪಿಚ್ಚರ್ ತೆಗದ ತಾರೀಖು ಖಾತ್ರಿ ಇದ್ದಿಲ್ಲ. ರಸ್ತ್ಯಾಗ ನಿಂತ ಮಳಿ ನೀರು, ಮೋಟಾರಿನ ನಂಬರು ನೋಡಿ ಎಷ್ಟೋ ವರ್ಷದ ಮ್ಯಾಲ ಪತ್ತೆ ಹಚ್ಚಿದ್ರು.

ಇದಕ್ಕೂ ಮೊದಲು, 1895ರಾಗ, ಫ್ರಾನ್ಸಿನ ಲ್ಯೂಮಿಯೇರ್ ಅಣ್ಣತಮ್ಮಂದಿರು ತಮ್ಮ ಕಾರ್ಖಾನಿ ಬಾಗಿಲಾಗಿಂದ ಮಂದಿ ಹೊರಗ ಬರೂದನ್ನ ತೆಗದ್ರು. ಐವತ್ತು ಸೆಕೆಂಡು ಅಷ್ಟೇ. ಹೆಣ್ಮಕ್ಕಳೇ ಭಾಳ, ನಡುವೊಂದು ನಾಯಿ. 1896ರ ಜುಲೈ 7ಕ್ಕ ಬೊಂಬಾಯಿ ವಾಟ್ಸನ್ ಹೋಟೆಲಿನಾಗ ಇದನ್ನೂ ತೋರ್ಸಿದ್ರು. ಬೊಂಬಾಯಿ–ಮದ್ರಾಸ್ ರೈಲು ಆಗಲೇ ನಮ್ಮೂರ ಮ್ಯಾಲೇ ಹೋಗ್ತಿತ್ತು.

“ಯಾವನಾರೆ ಇಲ್ಲಿ ಇಳದು ಶಹಾಬಜಾರದಾಗ ಕ್ಯಾಮೆರಾದ ಹಿಡಿಕಿ ತಿರುವಿದ್ದರ, ನಿಮ್ಮಜ್ಜಿ ಸಿಗ್ತಿದ್ರೇನೋ ಕಾಕಿ.”

“ಎಲ್ಲಿ ಸಿಗ್ತಾಳ? ಸೆರಗು ಮುಖಕ್ಕ ಎಳ್ಕೊಂಡು ಓಡ್ತಿದ್ಳು.”

ಓಡೂದೂ ಪಿಚ್ಚರೇ. ಆಗಿನ ಕಥಿ ಸಿನಿಮಾಕ್ಕಿಂತ ನನಗ ಇಂಥ ಬೀದಿ ಪಿಚ್ಚರೇ ರುಚಿ. ಬಣ್ಣ ಹಚ್ಚಿಕೊಂಡವರು ಎಲ್ಲಾ ಕಾಲಕ್ಕೂ ಸಿಗ್ತಾರ. ಚೀಲ ಹಿಡಕೊಂಡು ಹೊಂಟವ ಕ್ಯಾಮೆರಾ ಕಂಡು ಪಿಳಿಪಿಳಿ ನೋಡಿದ್ದು ಇವುಗಳಾಗ ಮಾತ್ರ ಸಿಗ್ತದ. ಆದ್ರ ಹೆಸರು ಬರಿಯೋದ್ರಾಗ ಎಡವಟ್ಟು ಮಾಡ್ಯಾರ. 1899ರದೊಂದು ಚಿತ್ರಕ್ಕ ‘ಕಲ್ಕತ್ತಾದ ನೋಟ’ ಅಂತ ಹೆಸರು. ನೋಡಿದ್ರ ಒಳಗ ಇರೂದು ಕಾಶಿ ಘಾಟು!

“ಕಾಕಿ, ನಾಳಿ ಕಮಲಾಪುರಕ್ಕ ಹೊಂಟೀರಲ್ಲ?”

“ಹೌದು, ತವರಮನಿಗಿ.”

“ಅಲ್ಲಿ ಕೆಂಪು ಬಾಳಿಹಣ್ಣು ಮಾರ್ತಾರಲ್ಲ, ಜಿಐ ಮಾನ್ಯತೆ ಸಿಕ್ಕದ್ದು, ಆ ದಪ್ಪ ಸಿಪ್ಪಿದು, ಅಲ್ಲಿ ನಿಂದರ್ರಿ. ಗಿರಾಕಿ ಹಣ್ಣು ಒತ್ತಿ ನೋಡೂದು, ಮಾರಾವ ಬೈಯೂದು, ಬಸ್ಸು ಹಾರ್ನ್ ಹೊಡಿಯೂದು ಎಲ್ಲಾ ಬರಲಿ. ಮೊಬೈಲ್ ಅಲ್ಲಾಡಿಸದೇ ಒಂದು ನಿಮಿಷ ಹಿಡೀರಿ. ರೀಲ್ಸಿನ ಹಾಡು ಸೇರ್ಸಬ್ಯಾಡ್ರಿ. ಊರು, ತಾರೀಖು ಮಾತ್ರ ಮರೀದೇ ಬರೀರಿ. ಹಂಗೇ ಬರೂ ಮುಂದ ನನಗೊಂದು ಡಜನ್ ತರ್ರಿ.”