ತಾಂಬೂಲದ ಜೊತೆ ಪಾಸ್‌ವರ್ಡ್

ಅಮೆರಿಕದಲ್ಲಿ ಇಂಟರ್ನೆಟ್ ಕೊಡುವ ಕಂಪನಿಗಳು ರೌಟರನ್ನೂ ಬಾಡಿಗೆಗೆ ಕೊಡುತ್ತವೆ. ಬೇಸಿಗೆಗೆಂದು ನ್ಯೂಜೆರ್ಸಿಗೆ ಬಂದಿದ್ದ ಅಪ್ಪ ನಮ್ಮ ಬಿಲ್ಲಿನಲ್ಲಿ ಇದನ್ನು ಕಂಡ ದಿನ ಅವರಿಗೆ ಊಟ ಸೇರಲಿಲ್ಲ. ತುಮಕೂರಿನಲ್ಲಿ ಜೀವಮಾನವಿಡೀ ಬಾಡಿಗೆ ವಸೂಲಿ ಮಾಡಿದವರು, ಕಟ್ಟಿ ಅಭ್ಯಾಸವಿಲ್ಲ. ಸ್ವಂತ ರೌಟರ್ ಇಟ್ಟುಕೊಂಡವರಿಂದ ಬಾಡಿಗೆ ಕೀಳಬಾರದೆಂದು 2020ರ ಡಿಸೆಂಬರಿನಿಂದ ಇಲ್ಲಿ ಕಾನೂನೇ ಇದೆ ಎಂದೆ. "ಮತ್ತೆ ಇಷ್ಟು ದಿನ ಏನು ಮಾಡ್ತಿದ್ದೆ?" ಎಂದು ಚಪ್ಪಲಿ ಮೆಟ್ಟಿದರು.

ಅಂಗಡಿಯಲ್ಲಿ ಎಂಟು ಆಂಟೆನಾದ ಮುನ್ನೂರು ಡಾಲರಿನದೂ ಇತ್ತು, ಎಪ್ಪತ್ತರದೂ ಇತ್ತು. "ನಾಲ್ಕು ಆಂಟೆನಾ ಕಿತ್ತುಕೊಂಡು ಕಡಿಮೆ ಮಾಡ್ತಾರಾ ಕೇಳು" ಎಂದರು ಅಪ್ಪ. ಎರಡು ಡಬ್ಬಿಯ ಮೇಲೂ ಫೈರ್‌ವಾಲ್ ಎಂದು ಬರೆದಿತ್ತು. ಹಾಗೆಂದರೇನು ಎಂದರು. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನಷ್ಟೇ ಬಿಟ್ಟುಕೊಳ್ಳುತ್ತೆ, ಕರೆಯದೆ ಬಂದವರನ್ನು ಹೊರಗೇ ನಿಲ್ಲಿಸುತ್ತೆ ಎಂದೆ. "ಓಹೋ, ಇದು ಈ ದೇಶದವರದೇ ಬುದ್ಧಿ! ಫೋನ್ ಮಾಡದೆ ಯಾರ ಮನೆಗೂ ಹೋಗೋ ಹಾಗಿಲ್ಲವಲ್ಲ."

ಈ ಕಾವಲು ಅಗ್ಗದ ರೌಟರಿನಲ್ಲೂ ಇರುತ್ತದೆ. ಅದಕ್ಕೆಂದೇ ಹೆಚ್ಚು ದುಡ್ಡು ಸುರಿಯಬೇಕಿಲ್ಲ, ಪಾಸ್‌ವರ್ಡ್ ಬದಲಿಸಿದರೆ ಸಾಕಷ್ಟು ಕೆಲಸವಾಗುತ್ತದೆ. 2016ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಂ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳೊಳಗೆ ಹೊಕ್ಕಿತಲ್ಲ, ಅದೇನು ದೊಡ್ಡ ವಿದ್ಯೆ ತೋರಿಸಲಿಲ್ಲ. ಕಾರ್ಖಾನೆಯವರು ಇಟ್ಟ 'ಅಡ್ಮಿನ್, ಅಡ್ಮಿನ್' ತರಹದ ಪಾಸ್‌ವರ್ಡುಗಳನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೆ.

ನಾನು ಎಪ್ಪತ್ತು ಡಾಲರಿನದನ್ನೇ ತಂದು, ವೈಫೈಗೆ ಡಬ್ಲ್ಯುಪಿಎ3 ಎಂಬ ಬೀಗ ಹಾಕಿ, ಮಾರುದ್ದದ ಪಾಸ್‌ವರ್ಡ್ ಇಟ್ಟೆ. ಅಪ್ಪ ಅದನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಅಮ್ಮ ತಾಂಬೂಲದ ಜೊತೆ ಅದನ್ನೂ ಕೊಟ್ಟು ಕಳಿಸಿದಳು. ರಷ್ಯಾದ ಹ್ಯಾಕರುಗಳನ್ನು ತಡೆಯುವ ಫೈರ್‌ವಾಲ್ ಇದೆ. ಮುತ್ತೈದೆಯರನ್ನು ತಡೆಯುವುದು ಇನ್ನೂ ಬಂದಿಲ್ಲ.

ಕಡೆಗೆ ಗೆಸ್ಟ್ ನೆಟ್‌ವರ್ಕ್ ತೆರೆದೆ. ಬಂದವರಿಗೆ ಇಂಟರ್ನೆಟ್ ಸಿಗುತ್ತೆ, ನಮ್ಮ ಕಂಪ್ಯೂಟರಿನ ತೆರಿಗೆ ಕಾಗದದ ತನಕ ಕೈ ಹೋಗಲ್ಲ ಎಂದು ವಿವರಿಸಿದೆ. ಅಮ್ಮನ ಮುಖ ಕೆಂಪಾಯಿತು. "ಮನೆಗೆ ಬಂದವರಿಗೆ ಬೇರೆ ಪಂಕ್ತಿಯಾ? ನಾಚಿಕೆ ಆಗಲ್ವೇನೋ?" ಗೆಸ್ಟ್ ಅನ್ನುವ ಹೆಸರು ಅಳಿಸಿ 'ನಮ್ಮನೆ' ಎಂದಿಟ್ಟ ಮೇಲೆ ಸಮಾಧಾನವಾಯಿತು. ಈಗ ಅದನ್ನೇ ಹಂಚುತ್ತಿದ್ದಾಳೆ.

ನೀವೂ ಕೊಳ್ಳುವುದಾದರೆ ಆಂಟೆನಾ ಎಣಿಸಬೇಡಿ. ಯಾವ ವರ್ಷದ ತನಕ ಅಪ್‌ಡೇಟ್ ಕೊಡುತ್ತಾರೆ ಎಂದು ನೋಡಿ. ಅದನ್ನು ಎಲ್ಲೂ ಹೇಳಿಲ್ಲದಿದ್ದರೆ, ಎಷ್ಟೇ ಅಗ್ಗವಿದ್ದರೂ ಡಬ್ಬಿಯನ್ನು ಶೆಲ್ಫಿನಲ್ಲೇ ಬಿಟ್ಟು ಬನ್ನಿ.